ಹೊಸ ಕಾರಿಗೆ ಎರಡು ಬಕೆಟ್, ಆರು ಬಟ್ಟೆ

ಹೊಸದಾಗಿ ಕಾರು ಕೊಂಡವರ ಮನೆಯಲ್ಲಿ ಮೊದಲ ಒಂದು ವಾರ ಏನೆಲ್ಲ ನಡೆಯುತ್ತದೆಂದು ನೀವು ಗಮನಿಸಿದ್ದೀರಾ? ಬಂದವರೆಲ್ಲ ಸುತ್ತು ಹಾಕಿ ನೋಡುತ್ತಾರೆ. ಬಾಗಿಲು ತೆರೆದು ಒಳಗೆ ಕುಳಿತು ನೋಡುತ್ತಾರೆ. ಹಿರಿಯರು ದುಆ ಮಾಡುತ್ತಾರೆ. ಇದರ ಮಧ್ಯೆ ಯಾರಾದರೊಬ್ಬರು, "ಇದನ್ನು ಒರೆಸಲಿಕ್ಕೆ ಒಂದು ಬಟ್ಟೆ ಕೊಡಿ" ಎನ್ನುತ್ತಾರೆ. ಮನೆಯಾಕೆ ಒಳಗೆ ಹೋಗಿ ಹಳೆಯ ಬನಿಯನನ್ನೋ ಹರಿದ ಲುಂಗಿಯ ತುಂಡನ್ನೋ ತಂದು ಕೊಡುತ್ತಾಳೆ. ಲಕ್ಷಗಟ್ಟಲೆ ಹಣ ಕೊಟ್ಟು ತಂದ ವಸ್ತುವಿನ ಆರೈಕೆ ಆ ತುಂಡು ಬಟ್ಟೆಯಿಂದಲೇ ಆರಂಭವಾಗುತ್ತದೆ.

ನನ್ನ ಮಗಳು ಶಾಲೆಯಲ್ಲಿ ಟೀಚರ್. ಬಡ್ಡಿಯ ಸಾಲ ಬೇಡವೆಂದು ನಾಲ್ಕು ವರ್ಷ ಸಂಬಳದಲ್ಲಿ ಉಳಿಸಿ, ಕೈಲಿದ್ದ ಹಣಕ್ಕೆ ಸಿಗುವ ಒಂದು ಸಣ್ಣ ಸೆಕೆಂಡ್‌ಹ್ಯಾಂಡ್ ಕಾರು ತೆಗೆದುಕೊಂಡಳು. ಆ ನಾಲ್ಕು ವರ್ಷದಲ್ಲಿ ಅವಳು ಬಿಟ್ಟುಕೊಟ್ಟದ್ದು ಏನೇನೆಂದು ತಾಯಿಯಾದ ನನಗೆ ಗೊತ್ತು. ಅದರ ಮೇಲೆ ಒಂದು ಗೀರು ಬಿದ್ದರೂ ನನಗೆ ನೋವಾಗುತ್ತದೆ. ಹಾಗಾಗಿ ಕಾರು ತೊಳೆಯುವ ಸಾಮಾನು ತರಲು ಅವಳ ಜೊತೆ ನಾನೂ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಒಂದೊಂದಾಗಿ ಹನ್ನೊಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಚಕ್ರಕ್ಕೊಂದು, ಟಯರಿಗೊಂದು, ಡ್ಯಾಶ್‌ಬೋರ್ಡಿಗೊಂದು, ಸೀಟಿಗೊಂದು, ಗಾಜಿಗೊಂದು. "ಉಮ್ಮಾ, ಇಷ್ಟೆಲ್ಲ ಬೇಕಾ?" ಎಂದು ಮಗಳು ಮೆಲ್ಲಗೆ ಕೇಳಿದಳು. ಬೇಡ. ಯಾವುದು ಬೇಕು, ಯಾವುದು ಬೇಡ ಎಂಬುದನ್ನು ನಿಮಗೂ ಹೇಳೋಣವೆಂದು ಈ ಬರಹ. ಏಕೆಂದರೆ ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಗಂಡಸರು ಕೊಲ್ಲಿಯಲ್ಲಿದ್ದಾರೆ, ಕಾರಿನ ಕೀ ಹೆಂಗಸರ ಕೈಯಲ್ಲಿದೆ.

ಮೊದಲು ಒಂದು ವಿಷಯ ತಿಳಿದಿರಬೇಕು. ಕಾರಿನ ಬಣ್ಣದ ಮೇಲೆ ಹೊಳಪು ಕೊಡುವ ಪಾರದರ್ಶಕ ಲೇಪ ಒಂದಿರುತ್ತದೆ. ಅದು ನಮ್ಮ ತಲೆಕೂದಲಿಗಿಂತಲೂ ತೆಳು. ಕಾರಿನ ಮೇಲೆ ಕೂರುವ ಧೂಳೆಂದರೆ ಸಣ್ಣ ಸಣ್ಣ ಮರಳಿನ ಕಣಗಳು. ಒಣಬಟ್ಟೆಯಿಂದ ಅದನ್ನು ಉಜ್ಜಿದರೆ ಆ ಕಣಗಳು ಲೇಪದ ಮೇಲೆ ಎಳೆದಾಡುತ್ತವೆ. ನಾನ್‌ಸ್ಟಿಕ್ ಕಾವಲಿಯನ್ನು ನೀವು ಸ್ಟೀಲ್ ನಾರಿನಿಂದ ಉಜ್ಜುತ್ತೀರಾ? ಇದೂ ಹಾಗೆಯೇ. ಒಂದು ದಿನದಲ್ಲಿ ಕಾಣುವುದಿಲ್ಲ. ಆರು ತಿಂಗಳು, ವರ್ಷ ಕಳೆದ ಮೇಲೆ ಬಿಸಿಲಲ್ಲಿ ನೋಡಿದರೆ ಜೇಡರ ಬಲೆಯಂತೆ ಸಣ್ಣ ಗೀರುಗಳು ತುಂಬಿರುತ್ತವೆ. ದಿನಾ ಬೆಳಿಗ್ಗೆ ಪ್ರೀತಿಯಿಂದ ಒಣಬಟ್ಟೆಯಲ್ಲಿ ಒರೆಸಿದ ಕಾರೇ ಬೇಗ ಮಂಕಾಗುವುದು ಇದರಿಂದ. ಆದ್ದರಿಂದ ನೀರು ಮೊದಲು, ಬಟ್ಟೆ ನಂತರ. ಇದೊಂದು ಕ್ರಮ ಪಾಲಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನು ಸಾಮಾನಿನ ಪಟ್ಟಿ. ಎರಡು ಬಕೆಟ್ ಬೇಕು, ಅವು ಮನೆಯಲ್ಲೇ ಇರುತ್ತವೆ. ಒಂದು ಬಾಟಲಿ ಕಾರ್ ಶಾಂಪೂ ಬೇಕು. ಕೈಗೆ ಹಾಕಿಕೊಂಡು ತೊಳೆಯುವ ಮೆತ್ತನೆಯ ಗವಸು ಒಂದು. ಮೈಕ್ರೋಫೈಬರ್ ಬಟ್ಟೆ ಐದು, ಹಳೆಯ ಹತ್ತಿ ಬಟ್ಟೆ ಒಂದು. ಸಂದಿಗಳಿಗೆ ಮೆತ್ತಗಿನ ಬ್ರಶ್ ಒಂದು. ಇಷ್ಟೇ. ನಮಗೆ ಇವೆಲ್ಲ ಸೇರಿ 1,200 ರೂಪಾಯಿಯೊಳಗೆ ಮುಗಿಯಿತು.

"ಪಾತ್ರೆ ತೊಳೆಯುವ ಸೋಪು ಮನೆಯಲ್ಲಿದೆಯಲ್ಲ, ಶಾಂಪೂ ಏಕೆ?" ಎಂದು ನೀವು ಕೇಳಬಹುದು. ಪಾತ್ರೆಯ ಸೋಪಿನ ಕೆಲಸ ಜಿಡ್ಡು ತೆಗೆಯುವುದು. ಕಾರಿಗೆ ಮೇಣದ ಪಾಲಿಶ್ ಹಾಕಿದ್ದರೆ ಅದನ್ನೂ ಅದು ತೆಗೆದುಬಿಡುತ್ತದೆ. ಬಟ್ಟೆ ಒಗೆಯುವ ಪುಡಿ ಇನ್ನೂ ಕೆಟ್ಟದು. ಅದರಲ್ಲಿ ಸೋಡಾದ ಅಂಶವಿರುತ್ತದೆ, ಸರಿಯಾಗಿ ಕರಗದ ಹರಳುಗಳೂ ಉಳಿಯುತ್ತವೆ. ಕಾರ್ ಶಾಂಪೂ ಸೌಮ್ಯವಾಗಿರುತ್ತದೆ. ಒಂದು ಬಕೆಟ್ಟಿಗೆ ಒಂದೆರಡು ಮುಚ್ಚಳ ಸಾಕು, ಹಾಗಾಗಿ ಒಂದು ಬಾಟಲಿ ಎಷ್ಟೋ ತಿಂಗಳು ಬರುತ್ತದೆ.

ಬಟ್ಟೆಗಳ ವಿಷಯದಲ್ಲಿ ನಾವು ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಡುಗೆಮನೆಯ ಬಟ್ಟೆಯನ್ನು ನೆಲಕ್ಕೆ, ನೆಲದ ಬಟ್ಟೆಯನ್ನು ಮೇಜಿಗೆ ನಾವು ಬಳಸುವುದಿಲ್ಲ. ಕಾರಿನಲ್ಲೂ ಅದೇ ನಿಯಮ. ಬೇರೆ ಬೇರೆ ಬಣ್ಣದ ಬಟ್ಟೆ ತನ್ನಿ. ಎರಡು ಹೊರಮೈ ಒಣಗಿಸಲು, ಒಂದು ಗಾಜಿಗೆ, ಎರಡು ಒಳಭಾಗಕ್ಕೆ. ಆ ಹಳೆಯ ಹತ್ತಿ ಬಟ್ಟೆ ಚಕ್ರಗಳಿಗೆ ಮಾತ್ರ. ಚಕ್ರದಲ್ಲಿ ಬ್ರೇಕಿನಿಂದ ಉದುರಿದ ಲೋಹದ ಪುಡಿ ಅಂಟಿರುತ್ತದೆ. ಆ ಬಟ್ಟೆ ತಪ್ಪಿಯೂ ಬಾನೆಟ್ಟಿನ ಮೇಲೆ ಹೋಗಬಾರದು. ಮೈಕ್ರೋಫೈಬರ್ ಬಟ್ಟೆಯನ್ನು ಬೇರೆ ಬಟ್ಟೆಗಳ ಜೊತೆ ಒಗೆಯಬೇಡಿ, ಹತ್ತಿಯ ನೂಲಿನೆಳೆ ಅದಕ್ಕೆ ಅಂಟಿಕೊಳ್ಳುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ದ್ರಾವಣವೂ ಬೇಡ, ಅದರಿಂದ ನೀರು ಹೀರುವ ಗುಣ ಹೋಗುತ್ತದೆ. ಕೆಳಗೆ ಬಿದ್ದ ಬಟ್ಟೆಯನ್ನು ಒಗೆಯದೆ ಮತ್ತೆ ಕಾರಿಗೆ ಮುಟ್ಟಿಸಬೇಡಿ.

ತೊಳೆಯುವ ಕ್ರಮ ಹೀಗೆ. ಕಾರು ನೆರಳಿನಲ್ಲಿರಲಿ, ಬಾನೆಟ್ ತಣ್ಣಗಿರಲಿ. ಬಿಸಿಲಲ್ಲಿ ತೊಳೆದರೆ ಸೋಪಿನ ನೀರು ಅಲ್ಲಲ್ಲೇ ಒಣಗಿ ಕಲೆ ಕಟ್ಟುತ್ತದೆ. ಬೋರ್‌ವೆಲ್ ನೀರಾದರಂತೂ ಬಿಳಿ ಚುಕ್ಕೆಗಳು ಬೀಳುತ್ತವೆ. ಮೊದಲು ಬರೀ ನೀರು ಸುರಿದು ಮಣ್ಣು ಇಳಿಸಬೇಕು. ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು ಇಟ್ಟುಕೊಳ್ಳಿ. ಗವಸನ್ನು ಶಾಂಪೂ ನೀರಿನಲ್ಲಿ ಅದ್ದಿ ಒಂದು ಭಾಗ ತೊಳೆದ ಮೇಲೆ ಬರೀ ನೀರಿನಲ್ಲಿ ಅಲುಬಿ, ಮತ್ತೆ ಶಾಂಪೂವಿಗೆ ಅದ್ದಿ. ಹೀಗೆ ಮಾಡಿದರೆ ಕಾರಿನಿಂದ ತೆಗೆದ ಮರಳು ಮತ್ತೆ ಕಾರಿಗೆ ಹೋಗುವುದಿಲ್ಲ. ಮೇಲಿನಿಂದ ಕೆಳಕ್ಕೆ ಬನ್ನಿ, ಚಕ್ರ ಕೊನೆಗೆ. ಬಳಿಕ ನೀರು ಹಾಕಿ ಸೋಪು ತೆಗೆದು ಕೂಡಲೇ ಒರೆಸಿ ಒಣಗಿಸಿ.

ಕರಾವಳಿಯವರು ಇನ್ನೊಂದು ಮಾತು ನೆನಪಿಡಬೇಕು. ಸಮುದ್ರದ ಗಾಳಿಯಲ್ಲಿ ಉಪ್ಪಿರುತ್ತದೆ, ಉಪ್ಪು ಕಬ್ಬಿಣಕ್ಕೆ ಶತ್ರು. ಮಳೆಗಾಲದಲ್ಲಿ ಚಕ್ರದ ಮೇಲಿನ ಗೂಡಿನಲ್ಲಿ ಕೆಂಪು ಮಣ್ಣು ಹಸಿಯಾಗಿಯೇ ಕೂತಿರುತ್ತದೆ. ತೊಳೆಯುವಾಗ ಕಾರಿನ ಅಡಿಗೂ ಚಕ್ರದ ಗೂಡಿಗೂ ನೀರು ತಾಗಿಸಿ. ಹಕ್ಕಿಯ ಹಿಕ್ಕೆ ಬಿದ್ದರೆ ವಾರದ ತೊಳೆತಕ್ಕೆ ಕಾಯಬೇಡಿ, ಬಿಸಿಲಿಗೆ ಅದು ಬಣ್ಣವನ್ನೇ ತಿನ್ನುತ್ತದೆ. ಹಾಗೆಂದು ಉಗುರಿನಿಂದ ಕೆರೆಯಲೂ ಬಾರದು. ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಕಿಟ್ಟರೆ ಮೆತ್ತಗಾಗಿ ಎದ್ದು ಬರುತ್ತದೆ. ಹಲಸಿನ ಮರದಡಿ ನಿಲ್ಲಿಸಿ ಮೇಣ ಬಿದ್ದಿದ್ದರೆ? ಹಲಸು ಬಿಡಿಸುವಾಗ ಕೈಗೆ ಹಚ್ಚುವ ತೆಂಗಿನೆಣ್ಣೆಯೇ ಇದಕ್ಕೂ ಮದ್ದು. ಎಣ್ಣೆ ಹಚ್ಚಿ ಮೆಲ್ಲಗೆ ತೆಗೆದು, ಆ ಜಾಗವನ್ನು ಶಾಂಪೂವಿನಲ್ಲಿ ತೊಳೆದುಬಿಡಿ.

ಒಳಭಾಗಕ್ಕೆ ಬರೋಣ. ಮಕ್ಕಳಿರುವ ಮನೆಯ ಕಾರಿನ ಸೀಟಿನ ಸಂದಿಯಲ್ಲಿ ಬಿಸ್ಕತ್ತಿನ ಪುಡಿಯೂ ಖರ್ಜೂರದ ಬೀಜವೂ ಇದ್ದೇ ಇರುತ್ತದೆ. ಮ್ಯಾಟ್ ತೆಗೆದು ಹೊರಗೆ ಕೊಡವಿ, ಬ್ರಶ್ಶಿನಿಂದ ಸಂದಿ ಗುಡಿಸಿ. ಡ್ಯಾಶ್‌ಬೋರ್ಡಿಗೆ ಹಿಂಡಿದ ಒದ್ದೆ ಬಟ್ಟೆ ಸಾಕು. ಕಾರಿನೊಳಗೆ ಮಾತ್ರ ಬಕೆಟ್ ನೀರು ಸುರಿಯಬೇಡಿ. ನೆಲಹಾಸಿನ ಅಡಿಯಲ್ಲಿ ವಿದ್ಯುತ್ ತಂತಿಗಳಿರುತ್ತವೆ. ಸ್ಪಂಜು ಒದ್ದೆಯಾದರೆ ಮಳೆಗಾಲದಲ್ಲಿ ಒಣಗದೆ ಬೂಸ್ಟು ಹಿಡಿದು ವಾಸನೆ ಬರುತ್ತದೆ. ಆ ವಾಸನೆ ಮುಚ್ಚಲು ಸುಗಂಧದ ಬಾಟಲಿ ತಂದಿಡುವುದಕ್ಕಿಂತ, ಮಳೆ ಬಿಟ್ಟಾಗ ನಾಲ್ಕು ಬಾಗಿಲೂ ತೆರೆದು ಅರ್ಧ ಗಂಟೆ ಗಾಳಿಯಾಡಿಸುವುದು ಮೇಲು. ದಮ್ಮಿನ ತೊಂದರೆ ಇರುವ ಮಕ್ಕಳಿಗೆ ಘಾಟು ಸುಗಂಧ ಒಗ್ಗುವುದೂ ಇಲ್ಲ.

ಹೊಳಪಿನ ದ್ರಾವಣಗಳ ಬಗ್ಗೆ ತುಸು ಎಚ್ಚರ ಬೇಕು. ಡ್ಯಾಶ್‌ಬೋರ್ಡ್ ಮಿರಮಿರ ಮಿಂಚುತ್ತಿದ್ದರೆ ಬಿಸಿಲಲ್ಲಿ ಅದರ ಪ್ರತಿಬಿಂಬ ಎದುರಿನ ಗಾಜಿನ ಮೇಲೆ ಬೀಳುತ್ತದೆ, ರಸ್ತೆ ಸರಿಯಾಗಿ ಕಾಣುವುದಿಲ್ಲ. ಇಂಥ ಜಾರುವ ದ್ರಾವಣ ಸ್ಟೀರಿಂಗಿಗಾಗಲೀ ಬ್ರೇಕ್ ಪೆಡಲಿಗಾಗಲೀ ಟಯರ್ ರಸ್ತೆಗೆ ತಾಗುವ ಭಾಗಕ್ಕಾಗಲೀ ತಾಗಲೇಬಾರದು. ಚಪ್ಪಲಿ ಬ್ರೇಕಿನ ಮೇಲೆ ಜಾರಿದರೆ ಏನಾಗಬಹುದು ಯೋಚಿಸಿ.

ಇಡೀ ಕಾರಿನಲ್ಲಿ ಒಂದೇ ಒಂದು ಭಾಗ ಒರೆಸುವಷ್ಟು ಸಮಯವಿದ್ದರೆ ಎದುರಿನ ಗಾಜನ್ನೇ ಒರೆಸಿ, ಒಳಗೂ ಹೊರಗೂ. ಗಾಜಿನ ಒಳಭಾಗದಲ್ಲಿ ನಮಗೆ ಗೊತ್ತಿಲ್ಲದೆ ಮಂಜಿನಂಥ ಜಿಡ್ಡು ಕೂರುತ್ತದೆ. ಹಗಲು ಕಾಣದ ಅದು ರಾತ್ರಿ ಎದುರಿನ ವಾಹನದ ಬೆಳಕು ಬಿದ್ದೊಡನೆ ಗಾಜನ್ನೆಲ್ಲ ಮಬ್ಬು ಮಾಡುತ್ತದೆ. ರಸ್ತೆ ದಾಟುತ್ತಿರುವ ಮುದುಕರೊಬ್ಬರು ಕಾಣದೆ ಹೋಗಲು ಅಷ್ಟು ಸಾಕು. ವೈಪರ್ ಎತ್ತಿ ಅದರ ರಬ್ಬರನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ದಾರಿಯಲ್ಲಿರುವ ತೊಂದರೆಯ ವಸ್ತುವನ್ನು ಸರಿಸುವುದನ್ನೂ ಪುಣ್ಯವೆಂದು ಕಲಿತವರು ನಾವು. ಇತರರಿಗೆ ನಮ್ಮಿಂದ ಅಪಾಯವಾಗದಂತೆ ಗಾಜು ಒರೆಸುವುದೂ ಆ ಸಾಲಿಗೇ ಸೇರುತ್ತದೆಂದು ನನಗನ್ನಿಸುತ್ತದೆ.

ತಾಯಂದಿರಿಗೊಂದು ಮುಖ್ಯ ಮಾತು. ಚಕ್ರದ ಕಲೆ ಹೋಗಲೆಂದು ಬಚ್ಚಲಿನ ಆ್ಯಸಿಡ್ ಬಳಸಬೇಡಿ, ಹೊಳಪಿಗೆಂದು ಸೀಮೆಎಣ್ಣೆ, ಡೀಸೆಲ್ ಒರೆಸಬೇಡಿ. ಆ್ಯಸಿಡನ್ನೂ ಬ್ಲೀಚಿಂಗ್ ಪುಡಿಯನ್ನೂ ಬೆರೆಸಿದರೆ ಪ್ರಾಣಕ್ಕೆ ಅಪಾಯಕಾರಿಯಾದ ವಿಷಗಾಳಿ ಬರುತ್ತದೆ. ಯಾವ ದ್ರಾವಣವನ್ನೂ ಖಾಲಿ ಜ್ಯೂಸ್ ಬಾಟಲಿಗೆ ತುಂಬಿಡಬೇಡಿ. ಬಾಯಾರಿದ ಮಗುವಿಗೆ ಬಾಟಲಿ ಕಂಡರೆ ಸಾಕು, ಒಳಗೇನಿದೆ ಎಂದು ಅದು ಕೇಳುವುದಿಲ್ಲ.

ಇನ್ನು ನೀರು. ಪೈಪು ಬಿಟ್ಟು ಕಾರು ತೊಳೆಯುವವರು ಒಮ್ಮೆ ಆ ಪೈಪನ್ನು ಹತ್ತು ಲೀಟರಿನ ಬಕೆಟ್ಟಿಗೆ ಹಿಡಿದು ಗಡಿಯಾರ ನೋಡಿ. ನಮ್ಮ ಮನೆಯಲ್ಲಿ ಬಕೆಟ್ ತುಂಬಲು ಒಂದು ನಿಮಿಷವೂ ಬೇಕಾಗಲಿಲ್ಲ. ಹದಿನೈದು ನಿಮಿಷ ಪೈಪು ಹರಿದರೆ 150 ಲೀಟರಿಗೂ ಮೇಲಾಯಿತು. ಬಕೆಟ್ಟಿನಲ್ಲಾದರೆ ನಾಲ್ಕು ಬಕೆಟ್, 40 ಲೀಟರಿನಲ್ಲಿ ಸಣ್ಣ ಕಾರು ಚೊಕ್ಕವಾಗುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಬರ ಬಂದಾಗ, ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಅಲ್ಲಿಯ ಜಲಮಂಡಳಿ ಆದೇಶಿಸಿತ್ತು. 2019 ಮತ್ತು 2023ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು, ಮಂಗಳೂರಿಗೆ ಸರದಿಯ ಮೇಲೆ ನೀರು ಬಿಡಬೇಕಾಗಿ ಬಂದಿತ್ತು. ದಂಡದ ಭಯ ಸರಕಾರದ್ದು. ನಮಗೆ ಅದಕ್ಕೂ ಮೊದಲೇ ಬೇರೊಂದು ಪಾಠವಿದೆ. ಪ್ರವಾದಿ ಮುಹಮ್ಮದ್(ಸ)ರು ಒಂದು ಮುದ್ದ್, ಅಂದರೆ ಹೆಚ್ಚುಕಡಿಮೆ ಮುಕ್ಕಾಲು ಲೀಟರ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರು. ನಮಾಝಿನ ಶುದ್ಧಿಗೇ ಅಷ್ಟು ಹಿತಮಿತವಿರುವಾಗ ಕಾರಿನ ಹೊಳಪಿಗೆಂದು ನೀರು ಹರಿಯಬಿಡುವುದು ಹೇಗೆ ಸರಿಯಾದೀತು? ನೆರೆಮನೆಯಾಕೆ ಕೊಡ ಹಿಡಿದು ಟ್ಯಾಂಕರ್ ಕಾಯುತ್ತಿರುವಾಗ ನಮ್ಮ ಅಂಗಳದಿಂದ ಸೋಪಿನ ನೊರೆ ರಸ್ತೆಗೆ ಹರಿಯಬಾರದು. ನೀರು ತೀರಾ ಕಡಿಮೆಯಿದ್ದಾಗ ಗಾಜು, ದೀಪ, ನಂಬರ್ ಪ್ಲೇಟ್ ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿ. ಉಳಿದದ್ದು ಮಳೆ ಬರುವವರೆಗೆ ಕಾದರೆ ನಷ್ಟವೇನಿಲ್ಲ.

ಕೊನೆಯದಾಗಿ, ಈ ಕೆಲಸ ಯಾರದು? ಕಾರು ಓಡಿಸಲು ಮನೆಯ ಹುಡುಗರೆಲ್ಲ ಮುಂದೆ, ತೊಳೆಯುವಾಗ ಒಬ್ಬರೂ ಇಲ್ಲ ಎಂದಾಗಬಾರದು. ಮನೆಗೆಲಸದಲ್ಲಿ ಕೈಜೋಡಿಸುತ್ತಿದ್ದ, ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದ ಪ್ರವಾದಿ(ಸ)ರ ಅನುಯಾಯಿಗಳು ನಾವು. ಮಗನ ಕೈಗೂ ಗವಸು ಕೊಡಿ, ಮಗಳ ಕೈಗೂ ಕೊಡಿ. ಹೊರಗಿನ ಹುಡುಗನಿಂದ ತೊಳೆಸುವುದಾದರೆ ಅವನಿಗೂ ಈ ಕ್ರಮ ತೋರಿಸಿ, ಸರಿಯಾದ ಬಟ್ಟೆ ಕೊಡಿ, ಬೆವರು ಆರುವ ಮುನ್ನ ಕೂಲಿ ಕೊಡಿ. ತನಗೆ ಕೊಟ್ಟ ಒಣಬಟ್ಟೆಯಿಂದ ಒರೆಸಿದ್ದಕ್ಕೆ ಅವನನ್ನು ಗದರಿಸುವುದು ನ್ಯಾಯವಲ್ಲ.

ಮೂರು-ನಾಲ್ಕು ತಿಂಗಳಿಗೊಮ್ಮೆ ಮೇಣದ ಪಾಲಿಶ್ ಹಾಕಿದರೆ ಒಳ್ಳೆಯದು, ಆದರೆ ಮೊದಲ ದಿನವೇ ಅದರ ಅವಸರವಿಲ್ಲ. ಸಾವಿರಾರು ರೂಪಾಯಿಯ ಲೇಪ ಮಾಡಿಸಿ ಎಂದು ಯಾರಾದರೂ ಒತ್ತಾಯಿಸಿದರೆ, ಅದರಿಂದೇನು ಲಾಭ, ಎಷ್ಟು ಕಾಲ ಬಾಳುತ್ತದೆ ಎಂದು ಬರೆದು ಕೊಡಲು ಹೇಳಿ, ಮನೆಗೆ ಬಂದು ಯೋಚಿಸಿ. ವಾಹನ ಅಲ್ಲಾಹನು ಕೊಟ್ಟ ಅನುಗ್ರಹ, ನಮ್ಮ ಕೈಯಲ್ಲಿರುವ ಅಮಾನತ್ತು. ಅದನ್ನು ಚೊಕ್ಕವಾಗಿಡೋಣ, ಅದರ ಹೆಸರಿನಲ್ಲಿ ಹಣವನ್ನೂ ನೀರನ್ನೂ ಪೋಲು ಮಾಡದಿರೋಣ. ನಾಳೆ ನಿಮ್ಮ ಮನೆಗೆ ಕಾರು ಬಂದು, ಯಾರಾದರೂ ಒರೆಸಲು ಬಟ್ಟೆ ಕೇಳಿದರೆ ಮೊದಲು ಒಂದು ಬಕೆಟ್ ನೀರು ಕೊಡಿ.