ಚಿನ್ನದ ಹನಿ, ಸಿಲಿಕಾನ್ ಎಳೆ

ಹೊನ್ನಾಳಿ, ನ್ಯಾಮತಿ ಸೀಮೆಯಲ್ಲಿ ಹಿಂದೆ ಚಿನ್ನಕ್ಕಾಗಿ ನೆಲ ಅಗೆದವರುಂಟು. ಕುದುರೆಕೊಂಡದ ಹೆಸರು ಗಣಿ ದಾಖಲೆಗಳಲ್ಲಿದೆ. ಚಿನ್ನ ಹೆಚ್ಚಾಗಿ ಅಡಗಿರುವುದು ಬೆಣಚುಕಲ್ಲಿನ ಎಳೆಗಳಲ್ಲಿ. ಬೆಣಚುಕಲ್ಲೆಂದರೆ ಸಿಲಿಕಾನ್ ಮತ್ತು ಆಮ್ಲಜನಕದ ಸಂಯುಕ್ತ. ಜಗಳೂರಿನ ಹಳ್ಳದ ಮರಳಿನಲ್ಲೂ ಇರುವುದು ಬಹುಪಾಲು ಅದೇ. ನೆಲದೊಳಗಿನ ಈ ನೆರೆಹೊರೆಯವರು ಪ್ರಯೋಗಾಲಯದಲ್ಲಿ ಮತ್ತೆ ಸೇರಿದಾಗ ನಡೆಯುವುದು ಸ್ವಾರಸ್ಯದ ಸಂಗತಿ.

ಸಿಲಿಕಾನ್ ಚಿಪ್ಪಿಗೆ ಶುದ್ಧತೆಯೇ ಪ್ರಾಣ. ಆದರೆ 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವ್ಯಾಗ್ನರ್ ಮತ್ತು ಎಲ್ಲಿಸ್ ಕಂಡದ್ದೇ ಬೇರೆ. ತಮ್ಮ ಪ್ರಯೋಗದಲ್ಲಿ ಲೋಹದ ಕಲ್ಮಶವಿಲ್ಲದೆ ಸಿಲಿಕಾನಿನ ಎಳೆ ಬೆಳೆಯುವುದೇ ಇಲ್ಲ!

ಇದು ಹೇಗೆ? ಸಿಲಿಕಾನ್ ಕರಗಲು 1414 ಡಿಗ್ರಿ ಸೆಲ್ಸಿಯಸ್ ಬೇಕು, ಚಿನ್ನಕ್ಕೆ 1064. ಎರಡೂ ತಕ್ಕ ಪ್ರಮಾಣದಲ್ಲಿ ಬೆರೆತರೆ 363 ಡಿಗ್ರಿಗೇ ದ್ರವವಾಗುತ್ತವೆ. ಸಿಲಿಕಾನ್ ಬಿಲ್ಲೆಯ ಮೇಲೆ ಚಿನ್ನದ ಕಣಗಳನ್ನಿಟ್ಟು, ಕಾಯಿಸಿ, ಸೈಲೇನ್ ಅನಿಲ ಹರಿಸುತ್ತಾರೆ. ಅನಿಲದಿಂದ ಬಿಡಿಸಿಕೊಂಡ ಸಿಲಿಕಾನ್ ಚಿನ್ನದ ಹನಿಯಲ್ಲಿ ಕರಗುತ್ತದೆ. ಹನಿ ಹಿಡಿಸಲಾರದಷ್ಟಾದಾಗ, ಗಟ್ಟಿ ಪಾಕದಲ್ಲಿ ಕಲ್ಲುಸಕ್ಕರೆ ಹರಳುಗಟ್ಟುವಂತೆ, ಹೆಚ್ಚಾದ ಸಿಲಿಕಾನ್ ಹನಿಯ ಅಡಿಯಲ್ಲಿ ಹರಳಾಗುತ್ತದೆ. ಹರಳು ಬೆಳೆದಂತೆ ಹನಿಯೂ ಮೇಲೇರುತ್ತದೆ.

ಚನ್ನಗಿರಿಯ ತೋಟದ ಅಡಕೆಮರವನ್ನು ನೆನೆಯಿರಿ. ಕಾಂಡ ನೀಳ, ಬೆಳವಣಿಗೆ ತುದಿಯ ಸುಳಿಯಲ್ಲಿ. ಸುಳಿ ಸತ್ತರೆ ಮರ ನಿಂತಿತು. ಇಲ್ಲಿ ಚಿನ್ನದ ಹನಿಯೇ ಸುಳಿ. ಹನಿಯ ಗಾತ್ರದಂತೆ ಎಳೆಯ ದಪ್ಪ. 1998ರಲ್ಲಿ ಹಾರ್ವರ್ಡಿನ ಮೊರೇಲ್ಸ್ ಮತ್ತು ಲೀಬರ್ ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ನ್ಯಾನೊತಂತಿಗಳನ್ನು ಬೆಳೆಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ 2010ರ ದಶಕದ ಆರಂಭದಲ್ಲಿ ಇಂಥ ತಂತಿಗಳನ್ನು ಬೆಳೆಸಿದರು. ಚಿನ್ನದ ಬದಲು 157 ಡಿಗ್ರಿಗೇ ಕರಗುವ ಇಂಡಿಯಂ ಲೋಹವನ್ನೂ ಬಳಸಿ ನೋಡಿದರು.

ಚಿನ್ನಕ್ಕೆ ಬದಲಿ ಹುಡುಕುವುದೇಕೆ? ಒಂದಷ್ಟು ಚಿನ್ನದ ಪರಮಾಣುಗಳು ತಂತಿಯೊಳಗೇ ಉಳಿದುಬಿಡುತ್ತವೆ. ಹರಿಯಬೇಕಾದ ಎಲೆಕ್ಟ್ರಾನುಗಳನ್ನು ದಾರಿಯಲ್ಲೇ ಹಿಡಿದುಹಾಕುತ್ತವೆ. ಸೌರಕೋಶಕ್ಕಾಗಲಿ ಟ್ರಾನ್ಸಿಸ್ಟರಿಗಾಗಲಿ ಇದು ಕೇಡು. ತುದಿಯಲ್ಲಿ ಕುಳಿತು ಬೆಳೆಸಿದ ಚಿನ್ನವೇ ಒಳಹೊಕ್ಕರೆ ಕೆಡಿಸುತ್ತದೆ.

'ಕ್ರಿಯಾವರ್ಧಕ ತಾನು ಬದಲಾಗದೆ ಕ್ರಿಯೆಯ ವೇಗ ಹೆಚ್ಚಿಸುತ್ತದೆ' ಎಂದು ಮಕ್ಕಳು ಉರು ಹೊಡೆಯುತ್ತಾರೆ. ಒಪ್ಪಿಸಿದರೆ ಮನೆಯವರಿಗೂ ಸಮಾಧಾನ. ಆ ಮಾತು ಸುಳ್ಳಲ್ಲ. ಕೆಲಸ ಮುಗಿದ ಮೇಲೆ ಅದು ಎಲ್ಲಿ ಹೋಯಿತೆಂದು ಮಾತ್ರ ಅದು ಹೇಳುವುದಿಲ್ಲ. ಮಗು ಆ ಪ್ರಶ್ನೆ ಕೇಳಿದರೆ, ಪರೀಕ್ಷೆಗೆ ಬರುವುದಿಲ್ಲವೆಂದು ಬಾಯಿ ಮುಚ್ಚಿಸಬೇಡಿ. ವಿಜ್ಞಾನಿಗಳು ವರ್ಷಗಟ್ಟಲೆ ಬೆನ್ನು ಹತ್ತಿರುವ ಪ್ರಶ್ನೆಯೂ ಅದೇ.