ಪ್ರಥಮಸ್ಥಾನ ಒಲಿಯದ ವೇಗಶಾಲಿ

ಪಾದಗಳಿಗೆ ನೀಳವಾದ ಹಲಗೆಗಳನ್ನು ಬಿಗಿದು ಹಿಮಗಿರಿಯ ನೆತ್ತಿಯಿಂದ ಬುಡಕ್ಕೆ ಜಾರುವ ‘ಡೌನ್‌ಹಿಲ್’ ಎಂಬ ಪಂದ್ಯಕ್ಕೆ ಫ್ರಾನ್ಸಿನ ಜೊಹಾನ್ ಕ್ಲಾರೆ ತನ್ನ ಯೌವನವನ್ನೆಲ್ಲ ಧಾರೆಯೆರೆದನು. 2013ರಲ್ಲಿ ಸ್ವಿಟ್ಜರ್ಲೆಂಡಿನ ವೆಂಗೆನ್ನಿನಲ್ಲಿ ಆತನ ವೇಗವು ಗಂಟೆಗೆ 161.9 ಕಿಲೋಮೀಟರನ್ನು ಮುಟ್ಟಿತು. ವಿಶ್ವಕಪ್ ಪಂದ್ಯಗಳಲ್ಲಿ ನೂರು ಮೈಲಿಯ ಎಲ್ಲೆಯನ್ನು ಮೊದಲು ದಾಟಿದವನು ಆತನೇ. ಆದರೇನು, ವೇಗವೇ ಬೇರೆ, ಜಯವೇ ಬೇರೆ. ಆ ವಿಶ್ವಕಪ್ಪಿನಲ್ಲಿ ಒಂದು ಪ್ರಥಮಸ್ಥಾನವೂ ಕಡೆಯವರೆಗೆ ಆತನಿಗೆ ಒಲಿಯಲಿಲ್ಲ. ಬೇರೊಬ್ಬನಾಗಿದ್ದರೆ ಮೂವತ್ತೈದಕ್ಕೇ ವಿರಮಿಸುತ್ತಿದ್ದನೇನೋ!

ಕ್ಲಾರೆಯಾದರೋ 2022ರಲ್ಲಿ, ತನ್ನ 41ನೆಯ ವಯಸ್ಸಿನಲ್ಲಿ, ಬೀಜಿಂಗ್ ಒಲಿಂಪಿಕ್ಸಿನಲ್ಲಿ ರಜತಪದಕವನ್ನು ಪಡೆದನು. ಸ್ವರ್ಣಕ್ಕೂ ಆತನಿಗೂ ನಡುವೆ ಇದ್ದುದು ಸೆಕೆಂಡಿನ ಹತ್ತನೆಯ ಒಂದಂಶ! ಇಳಿಜಾರಿನ ಹಿಮಪಂದ್ಯಗಳಲ್ಲಿ ಅಷ್ಟು ವಯಸ್ಸಾದವರಾರೂ ಅದಕ್ಕೆ ಮುನ್ನ ಒಲಿಂಪಿಕ್ ಪದಕವನ್ನು ಧರಿಸಿರಲಿಲ್ಲ. 2023ರ ಜನವರಿಯಲ್ಲಿ, ಗಟ್ಟಿಗರನ್ನೂ ನಡುಗಿಸುವ ಆಸ್ಟ್ರಿಯದ ಕಿಟ್ಸ್‌ಬ್ಯೂಲಿನಲ್ಲಿ ಮತ್ತೆ ದ್ವಿತೀಯನಾಗಿ, ಆ ಋತುವಿನ ಅಂತ್ಯದಲ್ಲಿ ಹಲಗೆಗಳನ್ನು ಕಳಚಿಟ್ಟನು.