ಸಾಕ್ಷಿಯ ಪರೀಕ್ಷೆ

ನ್ಯಾಯಾಲಯದಲ್ಲಿ ಸಾಕ್ಷಿಯ ಮಾತನ್ನು ಕೇಳಿದೊಡನೆಯೇ ತೀರ್ಪು ಕೊಡುವುದಿಲ್ಲ. ಎದುರು ಪಕ್ಷದ ವಕೀಲರು ಅವನನ್ನು ಪಾಟೀಸವಾಲಿಗೆ ಗುರಿಪಡಿಸುತ್ತಾರೆ. ಅದನ್ನು ಎದುರಿಸಿ ನಿಂತ ಮಾತಿಗೆ ಮಾತ್ರ ಬೆಲೆ. ವಿಜ್ಞಾನದಲ್ಲಿಯೂ ಇಂತಹ ಸಾಕ್ಷಿಗಳುಂಟು. ಪ್ರಯೋಗಾಲಯದಲ್ಲಿ ಕೆಲವು ವರ್ಷ ಕಳೆದ ನನಗೆ ಅವುಗಳಲ್ಲಿ ಹೆಚ್ಚು ಪರಿಚಿತವಾದುದು ಪ್ರತಿಕಾಯ.

ನಮ್ಮ ದೇಹದ ಒಂದೊಂದು ಜೀವಕೋಶದಲ್ಲಿಯೂ ಸಾವಿರಾರು ಬಗೆಯ ಪ್ರೋಟೀನುಗಳಿವೆ. ಅವುಗಳಲ್ಲಿ ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ನಿಯಂತ್ರಿಸುವ ಕಿಣ್ವಗಳೂ ಇವೆ. ಎಂಡಿಎಂ-2 ಅಂತಹ ಒಂದು ಕಿಣ್ವ. ಹಾನಿಗೊಂಡ ಜೀವಕೋಶವು ಅಂಕೆಮೀರಿ ಬೆಳೆಯದಂತೆ ತಡೆಯುವ ಕಾವಲುಗಾರನೊಬ್ಬನಿದ್ದಾನೆ. 1979ರಲ್ಲಿ ಬೆಳಕಿಗೆ ಬಂದ ಪಿ-53 ಎಂಬ ಪ್ರೋಟೀನೇ ಅವನು. ಎಂಡಿಎಂ-2 ಈ ಕಾವಲುಗಾರನಿಗೆ ಯುಬಿಕ್ವಿಟಿನ್ ಎಂಬ ಚೀಟಿಗಳನ್ನು ಅಂಟಿಸುತ್ತದೆ. ಚೀಟಿ ಹೊತ್ತ ಪ್ರೋಟೀನನ್ನು ಜೀವಕೋಶವು ಒಡೆದುಹಾಕುತ್ತದೆ. ಕೆಲವು ಕ್ಯಾನ್ಸರುಗಳಲ್ಲಿ ಈ ಕಿಣ್ವವು ಮಿತಿಮೀರಿ ಬೆಳೆದು ಕಾವಲನ್ನೇ ಇಲ್ಲವಾಗಿಸುತ್ತದೆ. ಆದುದರಿಂದ ಅದು ಎಲ್ಲಿ ಎಷ್ಟಿದೆ ಎಂದು ತಿಳಿಯುವುದು ಅವಶ್ಯಕ.

ಕಣ್ಣಿಗೆ ಕಾಣದ ಈ ಕಿಣ್ವವನ್ನು ಗುರುತಿಸುವುದು ಹೇಗೆ? ಇಲ್ಲಿ ಪ್ರತಿಕಾಯವು ನೆರವಿಗೆ ಬರುತ್ತದೆ. ದೇಹದೊಳಕ್ಕೆ ಹೊರಗಿನ ವಸ್ತು ಹೊಕ್ಕಾಗ, ಅದನ್ನೇ ಆರಿಸಿ ಹಿಡಿಯುವ ಪ್ರತಿಕಾಯವನ್ನು ದೇಹವು ತಯಾರಿಸುತ್ತದೆ. 1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು ಪ್ರತಿಕಾಯ ತಯಾರಿಸುವ ಇಲಿಯ ಜೀವಕೋಶವನ್ನು, ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಜೀವಕೋಶದೊಡನೆ ಬೆಸೆದರು. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವ ದಾರಿ ಹೀಗೆ ತೆರೆಯಿತು. 1984ರಲ್ಲಿ ನೀಲ್ಸ್ ಯೆರ್ನೆ ಅವರೊಡನೆ ಇವರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಜೀವಕೋಶಗಳನ್ನು ಒಡೆದು, ಅವುಗಳ ಪ್ರೋಟೀನುಗಳನ್ನು ಲೋಳೆಯಂತಹ ತೆಳು ಹಾಳೆಯಲ್ಲಿ ವಿದ್ಯುತ್ತಿನ ಬಲದಿಂದ ಹರಿಯಿಸುತ್ತಾರೆ. ಚಿಕ್ಕವು ಮುಂದೆ ಓಡುತ್ತವೆ. ದೊಡ್ಡವು ಹಿಂದೆ ಉಳಿಯುತ್ತವೆ. ಅವನ್ನು ಒಂದು ಪೊರೆಯ ಮೇಲೆ ಇಳಿಸಿ, ಪ್ರತಿಕಾಯದಲ್ಲಿ ನೆನೆಸಿದರೆ, ಅದು ತನ್ನ ಕಿಣ್ವವನ್ನು ಹುಡುಕಿ ಹಿಡಿಯುತ್ತದೆ. ಆ ಸ್ಥಳದಲ್ಲಿ ಒಂದು ಕಪ್ಪು ಗೆರೆ ಮೂಡುತ್ತದೆ.

ಗೆರೆ ಮೂಡಿದಾಗ ನಾವು ಕಿರಿಯರೆಲ್ಲ ಹಿಗ್ಗುತ್ತಿದ್ದೆವು. ನಮ್ಮ ಗುರುಗಳು ಮಾತ್ರ ಅದರತ್ತ ನೋಡದೆ, “ಕಿಣ್ವವಿಲ್ಲದ ಸಾಲನ್ನು ಮೊದಲು ತೋರಿಸಿ” ಎನ್ನುತ್ತಿದ್ದರು. ಕಿಣ್ವವನ್ನು ತಯಾರಿಸುವ ಜೀನನ್ನೇ ತೆಗೆದುಹಾಕಿದ ಜೀವಕೋಶಗಳ ಸಾಲು ಅದು. ಅಲ್ಲಿಯೂ ಗೆರೆ ಮೂಡಿದರೆ, ಪ್ರತಿಕಾಯವು ಇನ್ನಾವುದೋ ಪ್ರೋಟೀನನ್ನು ಹಿಡಿದಿದೆ ಎಂದರ್ಥ. ಅದು ಬರಿದಾಗಿದ್ದರೆ ಮಾತ್ರ ಅವರ ಮುಖದಲ್ಲಿ ನಗೆ ಕಾಣುತ್ತಿತ್ತು. ಬರಿದಾದ ಜಾಗವೂ ಮಾತನಾಡಬಲ್ಲದು ಎಂಬುದನ್ನು ನಾನು ಕಲಿತದ್ದು ಅವರಿಂದ.

ಇದು ಅತಿಯಾದ ಸಂಶಯವೆಂದು ಯಾರಿಗಾದರೂ ತೋರಬಹುದು. ರಕ್ತಹೀನತೆಗೆ ಕೊಡುವ ಎರಿತ್ರೊಪೊಯೆಟಿನ್ ಎಂಬ ಔಷಧವನ್ನು ಹಿಡಿಯುವ ಪ್ರೋಟೀನು ಕ್ಯಾನ್ಸರ್ ಗಡ್ಡೆಗಳಲ್ಲಿದೆಯೆಂದು ಹಲವರು ಪ್ರತಿಕಾಯಗಳ ಸಾಕ್ಷ್ಯದಿಂದ ಹೇಳಿದ್ದರು. ಆ ಪ್ರತಿಕಾಯಗಳು ಬೇರೆ ಪ್ರೋಟೀನುಗಳನ್ನು ಹಿಡಿಯುತ್ತಿದ್ದುವೆಂದು 2006ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ಕ್ಯಾನ್ಸರ್ ರೋಗಿಗೆ ಆ ಔಷಧವನ್ನು ಕೊಡಬಹುದೇ ಎಂಬ ಪ್ರಶ್ನೆಗೆ ಸಂಬಂಧಿಸಿದ ಸಾಕ್ಷ್ಯವದು! ಪರೀಕ್ಷಿಸದ ಸಾಕ್ಷಿಯನ್ನು ನಂಬಿದರೆ ನಷ್ಟವಾಗುವುದು ಹಣ, ಕಾಲಗಳಷ್ಟೇ ಅಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಇದ್ದಲ್ಲಿ ‘ಇದೆ’ ಎನ್ನುವುದು ಸುಲಭ. ಇಲ್ಲದಲ್ಲಿ ‘ಇಲ್ಲ’ ಎನ್ನಬಲ್ಲವನೇ ನಂಬಿಕೆಗೆ ಅರ್ಹನು. ಈ ಮಾತು ಪ್ರತಿಕಾಯಕ್ಕೆ ಹೇಗೋ ಮನುಷ್ಯನಿಗೂ ಹಾಗೆಯೇ ಸಲ್ಲುತ್ತದೆ.